ಬಲಗಣ್ಣು ನನ್ನ ಬಳಿ ಇದೆ

ಗದಗ-ಬೆಟಗೇರಿ
ಫೆಬ್ರುವರಿ 30, 2183
ಬೆಳಗಿನ ಪಾಳಿ ಮುಗಿದ ಮೇಲೆ

ನಮಗಿಂತ ಮೊದಲು ಬದುಕಿದವರಿಗೆ ಇಂದುಮತಿಯ ನಮಸ್ಕಾರ.

ತಾರೀಖು ನೋಡಿ ಬರೆದವಳ ತಲೆ ಸರಿಯಿಲ್ಲ ಎಂದುಕೊಳ್ಳಬೇಡಿ. ನಿಮ್ಮ ಫೆಬ್ರುವರಿಗೆ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ ದಿನ ಇತ್ತೆಂದು ನನಗೆ ಗೊತ್ತು. ನಮ್ಮ ಅಜ್ಜಂದಿರ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತು ದಿನ ಮಾಡಿ, ಉಳಿದ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ವರ್ಷದ ಕೊನೆಗೆ ಬಿಟ್ಟರು. ಕಾಗದ ಹಿಂದಿನ ಕಾಲಕ್ಕೆ ಹೋಗುವುದಿಲ್ಲ ಎಂದು ತಿಳಿದವರು ಹೇಳುತ್ತಾರೆ. ಹೋಗದಿದ್ದರೆ ಹೋಗದಿರಲಿ, ಹೇಳಬೇಕಾದದ್ದು ನಿಮಗೇ ಆದ್ದರಿಂದ ನಿಮ್ಮ ಹೆಸರಿಗೇ ಬರೆಯುತ್ತಿದ್ದೇನೆ. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಬಹುದು. ಅದಕ್ಕೆ ಕ್ಷಮೆ ಇರಲಿ. ನಾನು ಹತ್ತನೆಯ ತರಗತಿಯವರೆಗೆ ಓದಿದವಳು. ದಿನವೂ ನಾಲ್ಕು ಸಾಲು ದಿನಚರಿ ಬರೆಯುವುದು ಬಿಟ್ಟರೆ ಬರೆದು ಅಭ್ಯಾಸವಿಲ್ಲ.

ನಮ್ಮ ಊರು ನಿಮ್ಮ ಕಾಲದ ಗದಗವೇ. ಗುಡ್ಡದ ಮೇಲೆ ನೀವು ನಿಲ್ಲಿಸಿದ ಗಾಳಿಯಂತ್ರಗಳ ಕಂಬಗಳು ಇನ್ನೂ ನಿಂತಿವೆ, ರೆಕ್ಕೆಗಳಿಲ್ಲ. ನಾವು ನಸುಕಿನ ನಾಲ್ಕೂವರೆಗೆ ಕೆಲಸಕ್ಕೆ ಹೋಗಿ ಒಂಬತ್ತೂವರೆಗೆ ಮನೆ ಸೇರುತ್ತೇವೆ. ಹತ್ತರಿಂದ ಸಂಜೆ ಐದರವರೆಗೆ ಬಾಗಿಲುಹೊತ್ತು. ಬಿಸಿಲಿಗೆ ಯಾರೂ ಹೊರಗೆ ಬರಬಾರದೆಂದು ಊರಿನ ಬಾಗಿಲುಗಳನ್ನೆಲ್ಲ ಮುಚ್ಚಿಸುವ ಹೊತ್ತು ಅದು. ದಪ್ಪ ಗೋಡೆಯ ಮನೆ, ಒದ್ದೆ ಗೋಣಿ ಇಳಿಬಿಟ್ಟ ಕಿಟಕಿ, ಏಳು ತಾಸು ಎದುರಾ ಬದುರಾ ಕೂತ ಮಂದಿ. ರೊಟ್ಟಿ ಬಡಿಯುವುದು, ಉಣ್ಣುವುದು, ಮಲಗುವುದು ಎಲ್ಲ ಮುಗಿದರೂ ಹೊತ್ತು ಉಳಿಯುತ್ತದೆ. ಹಾಗಾಗಿ ಪ್ರತಿ ಮನೆಯಲ್ಲೂ ಗೂಟಕ್ಕೆ ಒಂದು ಕಣ್ಮನೆ ತೂಗುಹಾಕಿರುತ್ತದೆ. ಮುಖಕ್ಕೆ ಕಟ್ಟಿಕೊಂಡು ನೋಡುವ ಪೆಟ್ಟಿಗೆ ಅದು. ನಿಮ್ಮವರು ಹೆಡ್‌ಸೆಟ್ ಎನ್ನುತ್ತಿದ್ದರಂತೆ.

ಕಣ್ಮನೆಯಲ್ಲಿ ನಾವು ನೋಡುವುದು ಜೋಡಿನೋಟ. ಎರಡು ಮಸೂರಗಳ ಕ್ಯಾಮೆರಾದಲ್ಲಿ ತೆಗೆದ ಎರಡು ಚಿತ್ರಗಳು, ಎಡಗಣ್ಣಿಗೆ ಒಂದು, ಬಲಗಣ್ಣಿಗೆ ಒಂದು. ಇವು ನಿಮ್ಮಲ್ಲೇ ಶುರುವಾದವು. ನೀವು ತೆಗೆದವು ಈಗಲೂ ಚೀಲಗಟ್ಟಲೆ ನಮ್ಮ ಕೈಗೆ ಬರುತ್ತವೆ. ನಾನು ಕೆಲಸ ಮಾಡುವ ಜೋಡಣೆ ಮನೆಯಲ್ಲಿ ಅವನ್ನು ಸರಿಪಡಿಸುತ್ತೇವೆ. ಕೆಲವುಗಳಲ್ಲಿ ಎರಡು ಕಣ್ಣಿನ ಚಿತ್ರಗಳು ಒಂದರ ಮೇಲೊಂದು ಕೂತಿರುತ್ತವೆ, ಕೆಲವುಗಳಲ್ಲಿ ಪಕ್ಕಪಕ್ಕಕ್ಕೆ. ಬೇರ್ಪಡಿಸಿ ಆಯಾ ಕಣ್ಣಿಗೆ ಕೂರಿಸಬೇಕು. ಬಲಗಣ್ಣಿನದು ಒಂದೇ ಒಂದು ಫ್ರೇಮ್ ಹಿಂದೆ ಬಿದ್ದಿದ್ದರೂ ಜನರ ಕೈಕಾಲು ಜ್ವರ ಬಂದಂತೆ ನಡುಗುತ್ತವೆ. ಎರಡು ಮಸೂರಗಳ ನಡುವಿನ ಅಂತರ ನಮ್ಮ ಕಣ್ಣುಗಳ ನಡುವಿನಷ್ಟೇ, ಅಂದರೆ ಮೂರೂವರೆ ಬೆರಳಿನಷ್ಟೇ ಇರಬೇಕು. ಹೆಚ್ಚಾದರೆ ಮನುಷ್ಯರು ಬೊಂಬೆಗಳಷ್ಟು ಚಿಕ್ಕದಾಗಿ ಕಾಣುತ್ತಾರೆ, ಕಡಿಮೆಯಾದರೆ ಕೂಸು ಕೂಡ ರಾಕ್ಷಸನಂತೆ ಎದ್ದು ನಿಲ್ಲುತ್ತದೆ. ನಿಮ್ಮಲ್ಲಿ ಹೆಚ್ಚಿನವರು ಆ ಅಂತರವನ್ನು ಎಲ್ಲಿಯೂ ಬರೆದಿಡಲಿಲ್ಲ. ನಿಮ್ಮ ಅಜ್ಜಿಯರ ನಿಜವಾದ ಎತ್ತರ ಎಷ್ಟೆಂದು ನಾವು ಅವರು ಕೈಯಲ್ಲಿ ಹಿಡಿದ ಲೋಟ ನೋಡಿ ಅಂದಾಜು ಮಾಡುತ್ತೇವೆ.

ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿ ನೋಡಿ ಚೀರಿಬಿಟ್ಟೆ. ನಿಮ್ಮ ಕಾಲದ ಯಾರದೋ ಮದುವೆ. ಮದುಮಗಳ ಮೂಗು ಒಳಕ್ಕೆ ಹೋಗಿ, ಮುಖವೆಲ್ಲ ಅಚ್ಚಿನ ಒಳಮೈಯಂತೆ ತಗ್ಗಾಗಿತ್ತು. ಹಿಂದಿನ ಗೋಡೆ ಅವಳಿಗಿಂತ ಮುಂದೆ ಬಂದು ನಿಂತಿತ್ತು. ನಮ್ಮ ಜೋಡಣೆ ಮನೆಯ ಹಿರಿಯ ಫಕೀರಪ್ಪ ಕಾಕಾ ಓಡಿ ಬಂದರು.

"ಏನ್ ಕಂಡಿ ತಂಗಿ, ದೆವ್ವೇನ?"

"ಮಾರಿ ಒಳಗ ಹೋಗೇತ್ರಿ ಕಾಕಾ!"

"ಮಾರಿ ಎಲ್ಲೂ ಹೋಗಿಲ್ಲ. ನೀ ಕಣ್ಣು ಅದಲಾಬದಲಿ ಮಾಡೀದಿ. ಪಾಪ ಮದಲಗಿತ್ತಿ, ಸತ್ತು ನೂರು ವರ್ಷ ಆದಮ್ಯಾಲೂ ಆಕಿ ಮೂಗು ಕೆಡಿಸಿದೆಲ್ಲ!"

ಆ ದಿನ ಎಲ್ಲರೂ ನಕ್ಕರು, ನಾನೂ ನಕ್ಕೆ. ಎಡ ಬಲ ತಪ್ಪಿದರೆ ಮುಖ ಮುಖವಾಗಿ ಉಳಿಯುವುದಿಲ್ಲ ಎಂಬ ಹೆದರಿಕೆ ಮಾತ್ರ ಅಲ್ಲಿಂದಲೇ ನನ್ನೊಳಗೆ ಕೂತಿತು.

ನಮ್ಮ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಇದೆ. ಅದಕ್ಕೆ ಕೈಯಳತೆ ಎನ್ನುತ್ತೇವೆ. ಕ್ಯಾಮೆರಾಕ್ಕೆ ಒಂದು ಕೈಯಳತೆಗಿಂತ, ಅಂದರೆ ಚಾಚಿದ ತೋಳಿನಷ್ಟು ದೂರಕ್ಕಿಂತ, ಹತ್ತಿರ ಬಂದದ್ದನ್ನು ನೋಡುವವರ ಎರಡು ಕಣ್ಣುಗಳು ಒಂದುಗೂಡಿಸಲಾರವು. ಒಂದು ಕೈ ಎರಡಾಗಿ ಕಾಣುತ್ತದೆ, ಕಣ್ಣು ಎಳೆಯುತ್ತದೆ, ತಲೆ ನೋಯುತ್ತದೆ. ಆದ್ದರಿಂದ ಅಂಥ ತುಣುಕು ಕಂಡರೆ ಯೋಚಿಸದೆ ಕತ್ತರಿಸಬೇಕು. ನಾನು ಹದಿನಾಲ್ಕು ವರ್ಷ ಹಾಗೆಯೇ ಕತ್ತರಿಸಿದ್ದೇನೆ. ಕ್ಯಾಮೆರಾಕ್ಕೆ ಮುತ್ತು ಕೊಟ್ಟ ಮೊಮ್ಮಕ್ಕಳು, ಮಸೂರ ಒರೆಸಲು ಬಂದ ತಾಯಂದಿರು, ಆಫ್ ಮಾಡಲು ಬಾಗಿದ ಅಪ್ಪಂದಿರು, ಎಲ್ಲರೂ ನನ್ನ ಕೈಯಲ್ಲಿ ಕತ್ತರಿಸಿಹೋಗಿದ್ದಾರೆ.

ನನಗೆ ಒಬ್ಬಳೇ ಮಗಳು. ಹೆಸರು ಹೊನ್ನಿ. ಹೋದ ವರ್ಷ ಬಿಸಿಜ್ವರ ಬಂದು ಎರಡು ದಿನದಲ್ಲಿ ತೀರಿಕೊಂಡಳು. ಹನ್ನೊಂದು ವರ್ಷ. ಇದಕ್ಕಿಂತ ಹೆಚ್ಚು ಬರೆದರೆ ಈ ಕಾಗದ ಮುಗಿಯುವುದಿಲ್ಲ.

ನಮ್ಮಲ್ಲಿ ಶಾಲೆಗೆ ರಜೆ ಬಿಡುವ ದಿನ ಪ್ರತಿ ಮಗುವನ್ನೂ ಮನೆಯಲ್ಲೇ ಸ್ಟೂಲಿನ ಮೇಲೆ ಕೂರಿಸಿ ಒಂದು ಜೋಡಿನೋಟ ತೆಗೆಯುತ್ತಾರೆ. ಮಗು ಒಂಬತ್ತು ನಿಮಿಷ ಮನಸ್ಸಿಗೆ ಬಂದದ್ದು ಮಾತಾಡಬೇಕು. ಹೊಸದು ಬಂದ ಕೂಡಲೆ ಹಿಂದಿನ ವರ್ಷದ್ದು ಅಳಿಯುತ್ತದೆ, ಏಕೆಂದರೆ ಒಬ್ಬರಿಗೆ ಒಂದೇ ಎಂಬುದು ಕಾನೂನು. ಹಿಂದೆ ಒಬ್ಬೊಬ್ಬ ಸತ್ತವರದೂ ಹತ್ತಾರು ನೋಟಗಳಿದ್ದು, ಯಾರ ಬಳಿ ಇರುವ ಅಪ್ಪ ನಿಜವಾದ ಅಪ್ಪ ಎಂದು ಅಣ್ಣತಮ್ಮಂದಿರು ಕೋರ್ಟಿಗೆ ಹೋಗುತ್ತಿದ್ದರಂತೆ. ಈಗ ಎಡಗಣ್ಣಿಗೊಂದು, ಬಲಗಣ್ಣಿಗೊಂದು ಮುದ್ರೆ ಒತ್ತಿರುತ್ತಾರೆ. ಮುದ್ರೆ ಇದ್ದದ್ದನ್ನು ನಕಲು ಮಾಡಲು ಬರುವುದಿಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಬಹುದು, ಅಷ್ಟೇ.

ಹೊನ್ನಿಯ ಕೊನೆಯ ನೋಟವನ್ನು ನಾನೇ ನಮ್ಮ ಪಡಸಾಲೆಯಲ್ಲಿ ತೆಗೆದೆ. ಅದರ ಪ್ರತಿ ಮಾತೂ ನನಗೆ ಬಾಯಿಪಾಠ.

"ಯವ್ವಾ, ಚಾಲೂ ಆತೇನ?"

"ಆತು. ಅಳ್ಳಾಡದ ಸುಮ್ಮನ ಕುಂಡ್ರು."

"ಸುಮ್ಮನ ಕುಂಡ್ರಾಕ ಇದ್ಯಾಕಬೇ, ಒಂದು ಫೋಟೋ ಹೊಡದು ಬಿಡು. ನೋಡು, ಜಡಿ ಎಷ್ಟು ಬಿಗಿ ಹಾಕೀ, ಹುಬ್ಬು ಮ್ಯಾಲ ಹೋಗ್ಯಾವ. ಸಿಟ್ಟು ಬಂದ್ರೂ ಸಿಟ್ಟಿನ ಮಾರಿ ಮಾಡಾಕ ಆಗವಲ್ದು."

ಆಗ ನನ್ನ ಗಂಡ ಸೋಮನಿಂಗ ನೀರಿನ ಪಾಳಿ ಮುಗಿಸಿ ಕ್ಯಾಮೆರಾದ ಹಿಂದೆ ನಿಂತ ನನ್ನ ಎಡಗಡೆಯ ಬಾಗಿಲಿನಿಂದ ಒಳಗೆ ಬಂದರು. ಹೊನ್ನಿ ಅತ್ತ ತಿರುಗಿ ನಕ್ಕಳು.

"ಅಪ್ಪಾ, ನಿನ್ನ ಹೇಣ್ತಿಗೆ ಹೇಳು. ನನ್ನ ತಲಿ ಏನ್ ಗೋಣಿಚೀಲ ಅನ್ಕೊಂಡಾಳೇನ, ಹೊಲದು ಬಿಗದಾಳ."

ಒಂಬತ್ತು ನಿಮಿಷ ಮುಗಿದಾಗ ಅವಳು ಸ್ಟೂಲಿನಿಂದ ಎದ್ದು ನೇರವಾಗಿ ಕ್ಯಾಮೆರಾದ ಹತ್ತಿರ ಬಂದಳು. ಒಳಗೆ ತಾನು ಕಾಣುತ್ತೇನೆಯೇ ಎಂದು ತಲೆ ಬಗ್ಗಿಸಿ ಕ್ಯಾಮೆರಾದ ಕೆಳಗೆ, ಹಿಂದೆ, ಪಕ್ಕಕ್ಕೆ ಹುಡುಕಿದಳು. ಅವಳ ನೆತ್ತಿ, ಹಿಂದಲೆ ಎಲ್ಲ ಎರಡು ಮಸೂರಗಳ ಎದುರಿಗೇ ಇದ್ದವು. ಹದಿನಾಲ್ಕು ಸೆಕೆಂಡು. ಮರುದಿನ ಜೋಡಣೆ ಮನೆಯಲ್ಲಿ ಕೈಯಳತೆಯೊಳಗೆ ಬಂದದ್ದು ಎಂದು ನಾನೇ ಅದನ್ನು ಕತ್ತರಿಸಿದೆ, ಪಾಳಿ ಮುಗಿದಾಗ ಕತ್ತರಿಸಿದ್ದನ್ನೆಲ್ಲ ಎಂದಿನಂತೆ ಅಳಿಸಿ ಮನೆಗೆ ಬಂದೆ. ಅವಳು ಬದುಕಿದ್ದಳಲ್ಲ. ನೆತ್ತಿ ಮನೆಯಲ್ಲೇ ಇತ್ತಲ್ಲ.

ತೀರಿಕೊಂಡ ಮೇಲೆ ಹನ್ನೊಂದು ದಿನ ಮನೆಯವರು ದಿನಕ್ಕೊಮ್ಮೆ ನೋಟದಲ್ಲಿ ಕೂರುವುದು ನಮ್ಮ ಪದ್ಧತಿ. ಕ್ಯಾಮೆರಾ ಎಲ್ಲಿ ನಿಂತಿತ್ತೋ ಅಲ್ಲೇ ನಾವು ಕೂತಂತೆ ಇರುತ್ತದೆ. ಎದುರಿಗೆ ಎರಡು ಮಾರು ದೂರದಲ್ಲಿ ಅವಳು. ಮುಂದಿನ ಅರ್ಧ ಮಾತ್ರ ತೆಗೆದದ್ದರಿಂದ ನಾವು ಹಿಂದೆ ತಿರುಗಿದರೆ ಬರೀ ಕಪ್ಪು. ಅದಕ್ಕೆ ಕರಿಬೆನ್ನು ಎನ್ನುತ್ತೇವೆ. ಎದುರಿಗೆ ಕೂತವಳ ಹತ್ತಿರ ಹೋಗಲೂ ಬರುವುದಿಲ್ಲ, ಏಕೆಂದರೆ ಕ್ಯಾಮೆರಾ ಕಂಡದ್ದು ಒಂದೇ ಜಾಗದಿಂದ. ನಾವು ಬಾಗಿದರೆ ಇಡೀ ಪಡಸಾಲೆಯೇ ನಮ್ಮೊಡನೆ ಬಾಗುತ್ತದೆ. ಮೂರನೆಯ ದಿನ ಸೋಮನಿಂಗ ಅವಳ ಕೆನ್ನೆ ಮುಟ್ಟಲು ಮುಂದೆ ಹೋದರು. ಗೋಡೆ, ಸ್ಟೂಲು, ಮಗಳು ಎಲ್ಲ ಅಷ್ಟೇ ಹಿಂದೆ ಸರಿದವು. ಅವರು ತಲೆ ತಿರುಗಿ ನೆಲಕ್ಕೆ ಬಿದ್ದು ವಾಂತಿ ಮಾಡಿಕೊಂಡರು. ಕಣ್ಮನೆ ಬಿಚ್ಚಿ ನಾನು ಬೆನ್ನು ತಿಕ್ಕುತ್ತಿದ್ದರೆ ಅವರು ಚಿಕ್ಕ ಹುಡುಗನಂತೆ ಹೇಳಿದರು.

"ಹಿಂದ ಸರೀತಾಳ ಇಂದೂ. ನಾ ಹತ್ರ ಹೋದಷ್ಟೂ ಹಿಂದ ಸರೀತಾಳ. ಸಿಟ್ಟಾಗ್ಯಾಳೇನ ನನ್ನ ಮ್ಯಾಲ?"

ತುಂಬಣೆ ಮಾಡಿಸೋಣ ಎಂದು ಮೊದಲು ಹೇಳಿದವಳು ನಾನು. ಅದನ್ನು ಮುಚ್ಚಿಡುವುದಿಲ್ಲ. ತುಂಬಣೆ ಎಂದರೆ ಕ್ಯಾಮೆರಾ ಕಾಣದೆ ಇದ್ದದ್ದನ್ನು ಯಂತ್ರ ಊಹಿಸಿ ಬರೆಯುವುದು. ಲಕ್ಷಾಂತರ ಜನರ ನೋಟ ಓದಿದ ಯಂತ್ರಕ್ಕೆ ಮನುಷ್ಯರ ಬೆನ್ನು ಹೇಗಿರುತ್ತದೆ, ಬಾಗಿಲ ಹಿಂದೆ ಏನಿರುತ್ತದೆ ಎಂದು ಗೊತ್ತು. ಕರಿಬೆನ್ನು ಇದ್ದಲ್ಲಿ ಅದು ಗೋಡೆ ಕಟ್ಟುತ್ತದೆ, ಕಿಟಕಿ ಇಡುತ್ತದೆ. ನಂತರ ನೋಟದೊಳಗೆ ಎದ್ದು ಓಡಾಡಬಹುದು, ಕೂತವರ ಸುತ್ತ ಬರಬಹುದು. ಹಿರಿಯರು ತೀರಿಕೊಂಡ ಮನೆಗಳಲ್ಲಿ ಕಾಲಿಗೆ ಬೀಳಲು ಬಗ್ಗಬೇಕಲ್ಲ, ಮೊದಲು ಅದಕ್ಕಾಗಿ ಇದು ಬಳಕೆಗೆ ಬಂತು. ನನಗೆ ಬೇಕಾಗಿದ್ದು ಬೇರೆ. ಶಾಲೆಗೆ ಸೇರಿದಂದಿನಿಂದ ದಿನವೂ ನಸುಕಿನಲ್ಲಿ ಪಾಳಿಗೆ ಹೊರಡುವ ಮುಂಚೆ ನಾನು ಹೊನ್ನಿಯ ಹಿಂದೆ ಕೂತು ತಲೆ ಬಾಚಿದವಳು. ಅವಳ ಮುಖಕ್ಕಿಂತ ಹಿಂದಲೆಯನ್ನೇ ಹೆಚ್ಚು ನೋಡಿದ್ದೇನೆ. ನೋಟದಲ್ಲಿ ಮುಖವಿತ್ತು, ನನ್ನ ಕೈಗೆ ಗೊತ್ತಿದ್ದ ಕಡೆ ಇರಲಿಲ್ಲ. ಒಮ್ಮೆ ಅವಳ ಹಿಂದೆ ನಿಲ್ಲಬೇಕು ಅನಿಸಿತು.

ತುಂಬಣೆಯಾದ ನೋಟದಲ್ಲಿ ಮೊದಲ ದಿನ ನಾನು ಎದ್ದು, ನಮ್ಮ ಪಡಸಾಲೆಯಲ್ಲಿ ಆರು ಹೆಜ್ಜೆ ನಡೆದು ಅವಳ ಹಿಂದೆ ನಿಂತೆ. ಎರಡು ಜಡೆ, ನಡುವೆ ಬೈತಲೆ, ಕತ್ತಿನ ಮೇಲೆ ಸಣ್ಣ ಕೂದಲು. ಎಲ್ಲ ಚೆಂದವಾಗಿತ್ತು. ನೆತ್ತಿಯ ನಡುವೆ ಒಂದು ಸುಳಿ ಇತ್ತು.

ಹೊನ್ನಿಗೆ ಎರಡು ಸುಳಿ. ಅವಳ ಅಜ್ಜಿ, ನಿನಗೆ ಗಂಡಂದಿರೂ ಇಬ್ಬರೇ ನೋಡು ಎಂದು ಕಾಡಿಸುತ್ತಿದ್ದಳು, ಇವಳು ಒಬ್ಬನ ಕೈಲಿ ನೀರು ತರಿಸ್ತೀನಿ, ಒಬ್ಬನ ಕೈಲಿ ರೊಟ್ಟಿ ಮಾಡಿಸ್ತೀನಿ ಎನ್ನುತ್ತಿದ್ದಳು. ಎರಡನೆಯ ಸುಳಿ ಇದ್ದ ಕಡೆ ಎಷ್ಟು ಎಣ್ಣೆ ಹಚ್ಚಿದರೂ ಒಂದು ಹಿಡಿ ಕೂದಲು ಎದುರು ದಿಕ್ಕಿಗೆ ಏಳುತ್ತಿತ್ತು. ಅದಕ್ಕೇ ನಾನು ಜಡೆಯನ್ನು ಅಷ್ಟು ಬಿಗಿಯುತ್ತಿದ್ದುದು. ಯಂತ್ರಕ್ಕೆ ಇದು ಗೊತ್ತಿಲ್ಲ. ಹೆಚ್ಚು ಜನರಿಗೆ ಒಂದು ಸುಳಿ ಇರುತ್ತದೆ, ಅದಕ್ಕೆ ಒಂದನ್ನೇ ಇಟ್ಟಿತ್ತು.

ತಪ್ಪು ಸಣ್ಣದು, ಮನಸ್ಸಿನಲ್ಲೇ ತಿದ್ದಿಕೊಂಡರಾಯಿತು ಎಂದುಕೊಂಡೆ. ಮರುದಿನ ಮತ್ತೆ ಹೋದೆ, ಅದರ ಮರುದಿನವೂ ಹೋದೆ. ಐದನೆಯ ದಿನ ರೊಟ್ಟಿಗೆ ಹಿಟ್ಟು ಕಲೆಸುತ್ತಿದ್ದಾಗ, ಆ ಏಳುವ ಕೂದಲು ಯಾವ ಕಿವಿಯ ಕಡೆ ಇತ್ತು ಎಂದು ನನ್ನನ್ನೇ ಕೇಳಿಕೊಂಡೆ. ಕೈ ತೊಳೆದು, ಕಣ್ಣು ಮುಚ್ಚಿ, ಗಾಳಿಯಲ್ಲೇ ಅವಳ ತಲೆ ಬಾಚಿ ನೋಡಿದೆ. ಆರು ವರ್ಷ ತಾನಾಗಿಯೇ ಪಕ್ಕಕ್ಕೆ ಹೋಗುತ್ತಿದ್ದ ಕೈ ನೆಟ್ಟಗೆ ನಡುವಿಗೆ ಹೋಯಿತು.

ಅಷ್ಟು ಹೆದರಿಕೆ ನನಗೆ ಅವಳು ಸತ್ತ ದಿನವೂ ಆಗಿರಲಿಲ್ಲ. ಸತ್ತ ದಿನ ಅವಳು ಹೋಗಿದ್ದಳು, ಆದರೆ ಹೇಗಿದ್ದಳು ಎಂಬುದು ನನ್ನಲ್ಲಿತ್ತು. ಈಗ ಅದೂ ಹೋಗುತ್ತಿತ್ತು, ಮತ್ತು ಹೋದ ಜಾಗದಲ್ಲಿ ಬೇರೆ ಯಾರೋ ಬಂದು ಕೂರುತ್ತಿದ್ದರು. ಸೋಮನಿಂಗರನ್ನು ಕೇಳಿದೆ.

"ಹೊನ್ನಿ ಎರಡನೇ ಸುಳಿ ಯಾವ ಕಡೆ ಇತ್ರಿ?"

"ಎರಡನೇದು ಎಲ್ಲೀದು? ಒಂದ ಇತ್ತಲ್ಲ."

"ನಿಮ್ಮವ್ವ ಇಬ್ಬರು ಗಂಡಂದಿರು ಅಂತ ಕಾಡಸ್ತಿದ್ರಲ್ರಿ, ಮರತೀರೇನು?"

"ಹಂಗ ನಗಚಾಟಿಕಿ ಅಂತಿದ್ಲು. ನಿನ್ನೆ ಸುದ್ದಾ ನೋಡೇನಿ ಇಂದೂ. ನಡುವ ಐತಿ, ಒಂದ ಐತಿ."

ನಿನ್ನೆ ನೋಡಿದೆ ಎಂದರು. ತುಂಬಣೆಯೊಳಗೆ ನೋಡಿದ್ದನ್ನೇ ಅವರು ನಿನ್ನೆ ಎನ್ನುತ್ತಿದ್ದರು. ಅವರು ಬಾಗಿಲುಹೊತ್ತಿನ ಏಳು ತಾಸೂ ಅಲ್ಲಿಯೇ ಇರತೊಡಗಿದ್ದರು. ಊಟಕ್ಕೆ ಕರೆದರೆ, ತಡಿ, ಆಕಿ ಮಾತು ಮುಗೀಲಿ ಎನ್ನುತ್ತಿದ್ದರು. ಆ ಮಾತು ಒಂಬತ್ತು ನಿಮಿಷಕ್ಕೊಮ್ಮೆ ಮುಗಿಯುತ್ತಿತ್ತು.

ನಾನು ತುಂಬಣೆಗೆ ಹೋಗುವುದನ್ನು ಬಿಟ್ಟು ಮುದ್ರೆಯ ಮೂಲಚಿತ್ರಗಳನ್ನು ಜೋಡಣೆ ಮನೆಗೆ ಒಯ್ದೆ. ಕತ್ತರಿಸಿದ ಹದಿನಾಲ್ಕು ಸೆಕೆಂಡು ಎಲ್ಲಾದರೂ ಉಳಿದಿದೆಯೇ ಎಂದು ಫಕೀರಪ್ಪ ಕಾಕಾನನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಅಳಿಸಿದ್ದು ಎಲ್ಲಿಂದ ತರೂದು ತಂಗಿ. ಇದ್ದದ್ದರಾಗ ಹುಡುಕೋಣ ತಡಿ. ಆಕಿ ಎಲ್ಯಾರ ತಲಿ ತಿರುಗಿಸ್ಯಾಳೇನ?"

ಅಪ್ಪ ಬಂದಾಗ ತಿರುಗಿದ್ದಳು. ಆ ಜಾಗವನ್ನು ಎಡಗಣ್ಣಿನಲ್ಲಿ ಫ್ರೇಮ್ ಫ್ರೇಮ್ ನಿಲ್ಲಿಸಿ ನೋಡಿದೆವು. ಕೆನ್ನೆ, ಕಿವಿ, ಅಲ್ಲಿಗೆ ಮುಗಿಯಿತು. ಆಮೇಲೆ ಬಲಗಣ್ಣಿನದು ಹಾಕಿದರು. ಎರಡು ಕಣ್ಣುಗಳು ಒಂದನ್ನೇ ನೋಡಿದರೂ ಬಲಗಣ್ಣಿಗೆ ಬಲಬದಿಯ ಒಂದು ಎಳೆ ಹೆಚ್ಚು ಕಾಣುತ್ತದೆ, ಎಡಗಣ್ಣಿಗೆ ಎಡಬದಿಯದು. ಒಂದು ಬೆರಳು ಮೂಗಿನ ಮುಂದೆ ಹಿಡಿದು ಕಣ್ಣು ಬದಲಿಸಿ ನೋಡಿದರೆ ನಿಮಗೂ ತಿಳಿಯುತ್ತದೆ. ಹೊನ್ನಿ ಬಾಗಿಲ ಕಡೆ ತಿರುಗಿದಾಗ ಬಲದ ಮಸೂರ ಅವಳ ಎಡಕಿವಿಯ ಹಿಂದಿನ ಒಂದಿಷ್ಟು ಜಾಗವನ್ನು ಕಂಡಿತ್ತು. ಅಲ್ಲಿ ಒಂದು ಹಿಡಿ ಕೂದಲು ಎದುರು ದಿಕ್ಕಿಗೆ ಎದ್ದು ನಿಂತಿತ್ತು. ಹನ್ನೊಂದು ಫ್ರೇಮು, ಕಣ್ಣು ಮಿಟುಕಿಸುವಷ್ಟು ಹೊತ್ತು.

"ಎಡಕ್ಕ ಇತ್ತು ಕಾಕಾ" ಎಂದೆ. ಅಲ್ಲಿಯೇ ಕೂತು ಅತ್ತೆ. ಕಾಕಾ ಕಣ್ಣೊರೆಸಿಕೊಂಡು, "ಹಟಮಾರಿ ಕೂದಲು, ಥೇಟ್ ಆಕಿ ಹಂಗ" ಎಂದರು. ಆಮೇಲೆ ಹೇಳಬೇಕೋ ಬೇಡವೋ ಎನ್ನುವಂತೆ ಒಂದು ನೋಟೀಸು ಮುಂದಿಟ್ಟರು.

ಆ ನೋಟೀಸು ನವೀಕರಣದ್ದು. ಫೆಬ್ರುವರಿ ಇಪ್ಪತ್ನಾಲ್ಕರೊಳಗೆ ಎಲ್ಲ ಮನೆಯವರೂ ತಮ್ಮ ಜೋಡಿನೋಟಗಳನ್ನು ಜೋಡಣೆ ಮನೆಗೆ ತಂದೊಪ್ಪಿಸಬೇಕು. ಎಡಗಣ್ಣಿನ ಚಿತ್ರ ಇಟ್ಟುಕೊಂಡು ಬಲಗಣ್ಣಿನದನ್ನು ಅಳಿಸುತ್ತಾರೆ. ಎರಡನ್ನೂ ಇಟ್ಟುಕೊಳ್ಳಲು ಜಾಗ ಸಾಲದು, ಬಲಗಣ್ಣಿನದನ್ನು ಯಂತ್ರವೇ ಎಡದಿಂದ ಊಹಿಸಿ ತೋರಿಸುತ್ತದೆ, ನೋಡುವವರಿಗೆ ವ್ಯತ್ಯಾಸ ತಿಳಿಯದು ಎಂದು ಬರೆದಿತ್ತು. ಇನ್ನು ಮುಂದೆ ತುಂಬಣೆ ಕಾಣದ ಜಾಗಕ್ಕಷ್ಟೇ ಅಲ್ಲ, ಮಾತಿಗೂ ಉಂಟು, ನೋಟದೊಳಗಿನವರು ನಾವು ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ ಎಂದೂ ಇತ್ತು. ಒಪ್ಪಿಸದಿದ್ದವರ ತುಂಬಣೆ ಆ ದಿನದಿಂದ ನಿಂತುಹೋಗುತ್ತದೆ.

ಮನೆಗೆ ಬಂದು ಸೋಮನಿಂಗರಿಗೆ ಎಲ್ಲ ಹೇಳಿದೆ. ಬಲಗಣ್ಣಿನ ಚಿತ್ರ ತೋರಿಸಿದೆ. ಅವರು ಆ ಕೂದಲನ್ನು ಬಹಳ ಹೊತ್ತು ನೋಡಿದರು.

"ಐತಿ" ಎಂದರು. "ಖರೇ ಐತಿ. ನಾ ಮರತಿದ್ದೆ."

"ಹಂಗಾರ ಒಪ್ಪಸೂದು ಬ್ಯಾಡ್ರಿ. ಕರಿಬೆನ್ನು ಇದ್ರ ಇರಲಿ. ಹತ್ರ ಹೋಗಾಕ ಆಗದಿದ್ರೂ ಇದು ಆಕಿ."

"ಒಪ್ಪಿಸ್ಲಿಲ್ಲಂದ್ರ ತುಂಬಣಿ ನಿಲ್ತೈತಿ. ಮತ್ತ ಹಿಂದ ಸರೀತಾಳ. ಒಂದು ಹಿಡಿ ಕೂದಲಾ ಇಂದೂ. ಒಂದು ಹಿಡಿ ಕೂದಲಿನ ಸಲುವಾಗಿ ನನ್ನ ಮಗಳನ್ನ ಇನ್ನೊಮ್ಮೆ ಕಳಕೊಳ್ಳಂತಿಯೇನ?"

ಅವರ ಮೇಲೆ ಸಿಟ್ಟು ಮಾಡಲು ನನ್ನಿಂದ ಆಗಲಿಲ್ಲ. ನಾಲ್ಕು ದಿನ ಇಬ್ಬರೂ ಬೇರೆ ಬೇರೆ ಕೂತು ಉಂಡೆವು. ಐದನೆಯ ದಿನ ಒಟ್ಟಿಗೆ ಊಟಕ್ಕೆ ಕೂತಾಗ ಅವರೇ ತಟ್ಟೆ ನೋಡುತ್ತ ಹೇಳಿದರು. "ಅವರು ಹೆಂಗೂ ಬಲಗಣ್ಣು ಒಗೀತಾರ. ಅದನ್ನ ನೀ ಇಟಗೋ. ಎಡಗಣ್ಣು ನನಗ ಕೊಡು."

ಗಂಡ ಹೆಂಡತಿ ಹೀಗೆ ಮಗಳನ್ನು ಹಂಚಿಕೊಂಡೆವು. ಬಲಗಣ್ಣಿನ ಚಿತ್ರ ಕೆಟ್ಟಿದೆ, ಒಪ್ಪಿಸಲು ಬರುವುದಿಲ್ಲ ಎಂದು ಫಕೀರಪ್ಪ ಕಾಕಾ ಬರೆದುಕೊಟ್ಟರು. ಅರವತ್ತೆಂಟು ವರ್ಷ ವಯಸ್ಸಿನ ಆ ಮನುಷ್ಯ ನನಗಾಗಿ ಮೊದಲ ಸಲ ಸುಳ್ಳು ದಾಖಲೆ ಮಾಡಿದರು. ಇಪ್ಪತ್ನಾಲ್ಕನೆಯ ತಾರೀಖು ಸೋಮನಿಂಗ ಎಡಗಣ್ಣನ್ನು ಒಪ್ಪಿಸಿ ಬಂದರು.

ಈಗ ನಾನು ಹಳೆಯ ಕಣ್ಮನೆ ಹಾಕಿಕೊಂಡರೆ ಎಡಗಡೆ ಕತ್ತಲೆ, ಬಲಗಡೆ ಹೊನ್ನಿ. ಒಂದೇ ಕಣ್ಣಿನ ಚಿತ್ರಕ್ಕೆ ಆಳವಿಲ್ಲ. ಅವಳು ಗೋಡೆಗೆ ಅಂಟಿಸಿದ ಕಾಗದದಂತೆ ಚಪ್ಪಟೆ. ಕೆನ್ನೆಯ ಉಬ್ಬು, ಮೂಗಿನ ತುದಿ ನನ್ನ ಕಡೆ ಬರುವುದಿಲ್ಲ. ಎರಡು ಮಾರು ದೂರದಲ್ಲಿದ್ದಾಳೆ ಎಂದು ಕೂಡ ಅನಿಸುವುದಿಲ್ಲ, ಎಲ್ಲೋ ಇದ್ದಾಳೆ ಅಷ್ಟೇ. ಎರಡು ಕಣ್ಣೂ ಸೇರಿದ ಹೊನ್ನಿಯನ್ನು ಇನ್ನು ಯಾರೂ ನೋಡಲಾರರು. ಅವಳ ನಿಜವಾದ ಮುಖದ ಆಳ ಈ ಲೋಕದಲ್ಲಿ ಮುಗಿದುಹೋಯಿತು. ಹನ್ನೊಂದು ಫ್ರೇಮುಗಳಲ್ಲಿ ಆ ಕೂದಲು ಏಳುವುದನ್ನು ನೋಡಿ ನಾನು ಕಣ್ಮನೆ ಬಿಚ್ಚಿ ಗೂಟಕ್ಕೆ ಹಾಕುತ್ತೇನೆ. ದಿನಚರಿಯಲ್ಲಿ ದಿನವೂ ಎಡಕ್ಕೆ ಎಂದು ಬರೆಯುತ್ತೇನೆ. ಒಂದು ದಿನ ಬಲಕ್ಕೆ ಎಂದು ಬರೆದು ಅದೇ ಸರಿ ಎಂದುಕೊಂಡರೆ ಏನು ಗತಿ ಎಂಬ ಹೆದರಿಕೆಯಿಂದ ಹಿಂದಿನ ಪುಟಗಳನ್ನು ತಿರುಗಿಸಿ ನೋಡುತ್ತೇನೆ.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ನಿಮ್ಮ ಕೈಯಲ್ಲಿ ಈಗ ಮಸೂರಗಳಿವೆ, ನಿಮ್ಮವರು ನಿಮ್ಮ ಎದುರಿಗೇ ಇದ್ದಾರೆ. ಅವರನ್ನು ಮುಂದಿನಿಂದ ತೆಗೆದದ್ದು ಸಾಕು. ಒಮ್ಮೆ ಹಿಂದೆ ಹೋಗಿ ನಿಂತುಕೊಂಡು ತೆಗೆಯಿರಿ. ಮಗು ಮಸೂರಕ್ಕೆ ಮೂಗು ತಾಗಿಸಿದರೆ ಕಣ್ಣು ನೋಯುತ್ತದೆಂದು ಅದನ್ನು ಕತ್ತರಿಸಬೇಡಿ, ನೋಯಲಿ. ಮಸೂರಗಳ ನಡುವೆ ಎಷ್ಟು ಅಂತರವಿತ್ತೆಂದು ಬರೆದಿಡಿ, ನಿಮ್ಮವರು ಬೊಂಬೆಯೂ ರಾಕ್ಷಸರೂ ಆಗದೆ ನಮ್ಮನ್ನು ತಲುಪಲಿ. ಜಾಗ ಉಳಿಯುತ್ತದೆಂದು ಯಾರಾದರೂ ಒಂದು ಕಣ್ಣು ಕೇಳಿದರೆ ಕೊಡಬೇಡಿ. ಮತ್ತು ನಿಮ್ಮ ಕ್ಯಾಮೆರಾ ಕಾಣದೆ ಇದ್ದದ್ದನ್ನು ತುಂಬಿಕೊಡುತ್ತೇವೆ ಎಂದು ಯಾರಾದರೂ ಬಂದರೆ, ನೀವು ಎಷ್ಟೇ ದುಃಖದಲ್ಲಿದ್ದರೂ, ಬೇಡ ಎನ್ನಿ. ಕಪ್ಪು ಇದ್ದಲ್ಲಿ ಕಪ್ಪು ಇರಲಿ. ನಾವು ಹೆದರಬೇಕಾದದ್ದು ಅದಕ್ಕಲ್ಲ.

ಇಷ್ಟು ಬರೆಯುವಾಗ ಪಕ್ಕದ ಕೋಣೆಯಲ್ಲಿ ಸೋಮನಿಂಗ ಹೊಸ ಕಣ್ಮನೆ ಕಟ್ಟಿಕೊಂಡು ಕೂತಿದ್ದಾರೆ. ಅದರ ದನಿ ಹೊರಗೂ ಕೇಳಿಸುತ್ತದೆ. ಆರು ದಿನದಿಂದ ಅವರಿಬ್ಬರೂ ಮಾತಾಡುತ್ತಿದ್ದಾರೆ, ನಗುತ್ತಿದ್ದಾರೆ. ನನ್ನ ಗಂಡ ಮಗಳು ಸತ್ತ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಣ್ಣುತ್ತಿದ್ದಾರೆ. ಇವತ್ತು ನಾನು ಪಾಳಿಯಿಂದ ಬಂದಾಗಿನಿಂದ ಅವಳು ನಾನೆಲ್ಲಿ ಎಂದು ಕೇಳುತ್ತಿದ್ದಾಳೆ.

"ಅಪ್ಪಾ, ಅವ್ವ ಯಾಕ ಬರವಲ್ಲಳು?"

"ಕೆಲಸದಾಗ ಇದ್ದಾಳವಾ. ಬರತಾಳ."

"ಯವ್ವಾ, ಬಾ ಬೇ. ಜಡಿ ಹಾಕ ಬಾ. ನೀ ಬರೂತನಕ ನಾ ಸುಮ್ಮನ ಕುಂತಿರ್ತೀನಿ."

ಹೊನ್ನಿ ಒಂದು ದಿನವೂ ಜಡೆಗೆ ತಾನಾಗಿ ಕರೆದವಳಲ್ಲ. ಸುಮ್ಮನೆ ಕೂತವಳೂ ಅಲ್ಲ. ದನಿ ಮಾತ್ರ ಅವಳದೇ, ಯವ್ವಾ ಎನ್ನುವಾಗಿನ ಆ ಎಳೆತ ಕೂಡ ಅವಳದೇ. ನಾನು ಕಿವಿ ಮುಚ್ಚಿಕೊಂಡಿಲ್ಲ. ಮುಚ್ಚಿಕೊಳ್ಳಬೇಕು ಎಂದು ಗೊತ್ತಿದ್ದೂ ಮುಚ್ಚಿಕೊಂಡಿಲ್ಲ. ಇವತ್ತು ನಾನು ಆ ಕೋಣೆಗೆ ಹೋಗುವುದಿಲ್ಲ ಎಂದು ಮಾತ್ರ ನಿಮಗೆ ಬರೆದುಕೊಡಬಲ್ಲೆ. ಅವಳು ನಾಳೆಯೂ ಕರೆಯುತ್ತಾಳೆ.

ಇಂತಿ,
ಇಂದುಮತಿ